ಹಿಂಬೆಳಕು ಬೇಕು, ಆದರೆ ಪ್ರೇಕ್ಷಕರ ಕಣ್ಣಿಗಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮೊಬೈಲ್ ಛಾಯಾಗ್ರಹಣದ ಬಗ್ಗೆ ಕೊಟ್ಟಿರುವ ಸಲಹೆಗಳಲ್ಲಿ ಮೊದಲನೆಯದೇ ‘ಸೂರ್ಯ ಯಾವಾಗಲೂ ನಿಮ್ಮ ಬೆನ್ನಿಗಿರಲಿ, ಬೆಳಕಿಗೆ ಎದುರಾಗಿ ಎಂದೂ ಚಿತ್ರ ತೆಗೆಯಬೇಡಿ’ ಎಂದಿದೆ. ಅದೇ ದಿನದ ಜಿಲ್ಲಾ ಪುಟದಲ್ಲಿ, ನಮ್ಮ ಕಡೆಯ ಕಾರ್ಯಕ್ರಮವೊಂದರ ವೇದಿಕೆಗೆ ಕಳೆದ ಬಾರಿಗಿಂತ ದೊಡ್ಡ ಎಲ್‌ಇಡಿ ಪರದೆ ಬರಲಿದೆ ಎಂಬ ಸುದ್ದಿ ಹೆಮ್ಮೆಯಿಂದ ಪ್ರಕಟವಾಗಿದೆ. ಮಡಿಕೇರಿಯಲ್ಲಿ ಬಹುಕಾಲ ಸ್ಟುಡಿಯೊ ನಡೆಸಿ, ಈಗ ಅದನ್ನು ಮಗನಿಗೆ ಒಪ್ಪಿಸಿ ಕುಳಿತಿರುವ ನನಗೆ ಇವೆರಡನ್ನೂ ಒಟ್ಟಿಗೆ ಓದಿ ಸುಮ್ಮನಿರಲು ಆಗಲಿಲ್ಲ. ಹಿಂದಿನಿಂದ ಬರುವ ಬೆಳಕಿಗೆ ಒಂದು ಪುಟದಲ್ಲಿ ಬಹಿಷ್ಕಾರ, ಇನ್ನೊಂದು ಪುಟದಲ್ಲಿ ಪಲ್ಲಕ್ಕಿ ಉತ್ಸವ. ಎರಡೂ ಸರಿಯಲ್ಲ.

ಸೂರ್ಯನನ್ನು ಬೆನ್ನಿಗಿಟ್ಟುಕೊಳ್ಳಿ ಎಂಬುದು ಡಬ್ಬಿ ಕ್ಯಾಮೆರಾ ಕಾಲದ ಮಾತು. ಆಗಿನ ಫಿಲ್ಮಿಗೆ ತುಂಬಾ ಬೆಳಕು ಬೇಕಿತ್ತು, ಲೆನ್ಸಿನ ಗಾಜಿಗೆ ಲೇಪನವಿರಲಿಲ್ಲ. ಎದುರು ಬೆಳಕು ಒಳಗೆ ಹೊಕ್ಕರೆ ಗಾಜಿನಿಂದ ಗಾಜಿಗೆ ಪುಟಿದು ಇಡೀ ಚಿತ್ರವನ್ನು ಮಂಕಾಗಿಸುತ್ತಿತ್ತು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ಎಂಬ ವಿಜ್ಞಾನಿ ಗಾಜಿನ ಮೇಲೆ ಅತಿ ತೆಳುವಾದ ಲೇಪನ ಕೊಟ್ಟು ಈ ಪುಟಿತವನ್ನು ತಗ್ಗಿಸುವ ದಾರಿ ಕಂಡುಹಿಡಿದರು. ಇಂದು ನಮ್ಮ ಜೇಬಿನಲ್ಲಿರುವ ಮೊಬೈಲಿನ ಕಿರುಲೆನ್ಸಿಗೂ ಲೇಪನವಿದೆ. ಲೆನ್ಸು ಬದಲಾಯಿತು, ಸಲಹೆ ಮಾತ್ರ ಹಾಗೆಯೇ ಉಳಿದಿದೆ.

ಕೊಡಗಿನಲ್ಲಂತೂ ಈ ಸಲಹೆಯನ್ನು ಪಾಲಿಸಿದವರಿಗೆ ನಷ್ಟವೇ ಹೆಚ್ಚು. ಮಳೆಗಾಲದ ನಾಲ್ಕು ತಿಂಗಳು ನಮಗೆ ಸಿಗುವ ವಸ್ತು ಮಳೆ ಮತ್ತು ಮಂಜು. ಬೆಳಕಿಗೆ ಬೆನ್ನು ಹಾಕಿ ಮಳೆಯ ಚಿತ್ರ ತೆಗೆದು ನೋಡಿ: ಹನಿಯೇ ಕಾಣಿಸದು, ಬೂದು ಬಣ್ಣದ ಅಂಗಳ ಮಾತ್ರ ಬರುತ್ತದೆ. ಮೋಡ ಹರಿದು ಬಿಸಿಲು ಎದುರಿನಿಂದ ಇಣುಕುವಾಗ, ಹಿಂದೆ ಕತ್ತಲೆಯ ಮರಗಳ ಸಾಲು ಇರುವಂತೆ ನಿಂತು ತೆಗೆಯಿರಿ. ಒಂದೊಂದು ಹನಿಯೂ ಬೆಳ್ಳಿ ಗೆರೆಯಾಗಿ ಇಳಿಯುತ್ತದೆ. ಸಿನಿಮಾದವರು ಕೃತಕ ಮಳೆ ಸುರಿಸುವಾಗ ದೊಡ್ಡ ದೀಪವನ್ನು ಮಳೆಯ ಹಿಂದೆ ನಿಲ್ಲಿಸುವುದು ಇದಕ್ಕಾಗಿಯೇ.

ಮಂಜಿನ ಕಥೆಯೂ ಇದೇ. ಮಂಜಿನ ಹನಿ ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಬೆಳಕಿನ ಅಲೆಯ ಉದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಂಥ ಹನಿಗೆ ಬಡಿದ ಬೆಳಕಿನ ಹೆಚ್ಚಿನ ಪಾಲು ಮುಂದಕ್ಕೇ ಚದುರುತ್ತದೆ, ಹಿಂದಿರುಗುವುದು ಸ್ವಲ್ಪವೇ. ಹಾಗಾಗಿ ಬೆಳಕಿನ ಕಡೆಗೆ ಮುಖ ಮಾಡಿ ನಿಂತವರಿಗೆ ಮಂಜು ಹೊಳೆಯುತ್ತದೆ, ಬೆನ್ನು ಹಾಕಿದವರಿಗೆ ಬೂದಿಯಂತೆ ಕಾಣುತ್ತದೆ. ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಕಾಫಿ ತೋಟದ ಸಿಲ್ವರ್ ಓಕ್ ಮರಗಳ ನಡುವೆ ಬಿಸಿಲಿನ ಕೋಲುಗಳು ಇಳಿಯುವುದನ್ನು ಎಲ್ಲರೂ ನೋಡಿದ್ದಾರೆ. ಆದರೆ ಆ ಕೋಲುಗಳು ಕಾಣುವುದು ಪೂರ್ವಕ್ಕೆ ಮುಖ ಮಾಡಿದವರಿಗೆ. ಅದೇ ದಾರಿಯಲ್ಲಿ ಪಶ್ಚಿಮಕ್ಕೆ ತಿರುಗಿ ನಿಂತವರು ‘ಇಲ್ಲೇನೂ ಇಲ್ಲವಲ್ಲ’ ಎಂದು ಹೊರಟುಹೋಗುತ್ತಾರೆ. ಸಂಪಾಜೆ ಘಾಟಿಯಲ್ಲಿ ಎದುರಿನಿಂದ ಬರುವ ಲಾರಿಯ ದೀಪ ಮಂಜಿನಲ್ಲಿ ದೊಡ್ಡ ಬೆಳಕಿನ ಗುಡ್ಡೆಯಾಗಿ ಕಣ್ಣು ಕಟ್ಟುವುದಕ್ಕೂ ಇದೇ ಕಾರಣ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ದಸರಾ ಮೆರವಣಿಗೆಯ ಮಂಟಪಗಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನಮ್ಮ ಸ್ಟುಡಿಯೊದೊಳಗೂ ಬೆನ್ನ ಹಿಂದೆ ಒಂದು ದೀಪ ಇದ್ದೇ ಇರುತ್ತಿತ್ತು. ಎದುರಿನ ದೊಡ್ಡ ದೀಪ ಮುಖಕ್ಕೆ, ಪಕ್ಕದ್ದು ನೆರಳನ್ನು ತಿಳಿಯಾಗಿಸಲು, ಮೂರನೆಯದು ಹಿಂದಿನಿಂದ ಮೇಲೆ, ಕೂದಲು ಮತ್ತು ಭುಜದ ಅಂಚಿಗೆ. ಈ ಮೂರನೆಯದನ್ನು ಆರಿಸಿ ಚಿತ್ರ ತೆಗೆದರೆ ಕಪ್ಪು ಕೂದಲು ಹಿಂದಿನ ಕಪ್ಪು ಪರದೆಯೊಳಗೆ ಕರಗಿ, ಮುಖವನ್ನು ಕತ್ತರಿಸಿ ಅಂಟಿಸಿದಂತಾಗುತ್ತದೆ. ಕೊಡವರ ಮದುವೆಗಳಲ್ಲಿ ಈ ದೀಪದ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ವರನದು ಬಿಳಿ ಕುಪ್ಯ (ಕೊಡವ ಗಂಡಸರ ನಿಲುವಂಗಿ), ಅವನಿಗೆ ತೊಂದರೆಯಿಲ್ಲ. ಆದರೆ ಅವನ ಸುತ್ತ ನಿಂತ ಬಂಧುಗಳೆಲ್ಲ ಕಪ್ಪು ಕುಪ್ಯದವರು. ಅವರ ಹಿಂದೆ ಈಗಿನ ಅಲಂಕಾರದವರು ಕಡುಗೆಂಪು ಅಥವಾ ಕಪ್ಪು ಬಟ್ಟೆ ಕಟ್ಟಿರುತ್ತಾರೆ. ಮುಂದಿನಿಂದ ಎಷ್ಟೇ ಬೆಳಕು ಸುರಿದರೂ ಹತ್ತು ಮಂದಿ ಸೇರಿ ಒಂದೇ ಕಪ್ಪು ಗೋಡೆಯಾಗುತ್ತಾರೆ. ಹಿಂದೆ ಒಂದು ಮೂಲೆಯಲ್ಲಿ, ಎತ್ತರದಲ್ಲಿ ಒಂದು ದೀಪವಿಟ್ಟರೆ ಸಾಕು, ಪ್ರತಿಯೊಬ್ಬರ ಭುಜಕ್ಕೂ ತೆಳುವಾದ ಗೆರೆ ಬರುತ್ತದೆ, ಸೊಂಟಕ್ಕೆ ಕಟ್ಟಿದ ಚೇಲೆಯ ಕೆಂಪು ಏಳುತ್ತದೆ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿಯ ಬೆಳ್ಳಿ ಮಿಂಚುತ್ತದೆ. ಈಗಿನ ಹುಡುಗರು ಎದುರಿಗೆ ಎರಡು ದೊಡ್ಡ ಸಾಫ್ಟ್‌ಬಾಕ್ಸ್ ದೀಪ ಇಟ್ಟು ಎಲ್ಲರನ್ನೂ ಚಪ್ಪಟೆ ಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ ಕುಪ್ಯವನ್ನು ಬೂದು ಬಣ್ಣಕ್ಕೆ ತಿರುಗಿಸುತ್ತಾರೆ. ಕುಪ್ಯ ಕಪ್ಪಾಗಿಯೇ ಇರಬೇಕು ಸ್ವಾಮಿ.

ಕೊಡವರ ಬೊಳಕಾಟ್ ನೃತ್ಯ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಡುವೆ ದೀಪ, ಸುತ್ತ ಚವರಿ (ಬಿಳಿ ಕೂದಲಿನ ಕುಚ್ಚು) ಹಿಡಿದ ಗಂಡಸರು. ನಾವು ಯಾವ ಕಡೆ ನಿಂತರೂ ನಮಗೆ ಹತ್ತಿರದಲ್ಲಿರುವವರು ದೀಪಕ್ಕೆ ಅಡ್ಡವಾಗಿ ಕಪ್ಪು ಆಕೃತಿಗಳಾಗಿ ಕಾಣುತ್ತಾರೆ, ಆಚೆ ಕಡೆಯವರ ಮುಖ ಬೆಳಗುತ್ತದೆ. ಅವರು ಸುತ್ತುತ್ತಿದ್ದಂತೆ ನೆರಳು ಮುಖವಾಗುತ್ತದೆ, ಮುಖ ನೆರಳಾಗುತ್ತದೆ. ಚವರಿಯ ಬಿಳಿ ಎಳೆಗಳ ಒಳಗಿಂದ ಬೆಳಕು ಸೋಸಿ ಬರುತ್ತದೆ. ಬೆಳಕಿನ ವಿನ್ಯಾಸ ಎಂದು ಯಾರೂ ಹೆಸರಿಡದೆ ನಮ್ಮ ಹಿರಿಯರು ಮಾಡಿಟ್ಟ ಏರ್ಪಾಡು ಇದು. ಇದನ್ನು ವೇದಿಕೆಗೆ ಹತ್ತಿಸಿ, ಮುಂದಿನಿಂದ ಬಿಳಿ ಫ್ಲಡ್‌ಲೈಟ್ ಹಾಕಿ, ನಡುವಿನ ದೀಪವನ್ನು ಬರೀ ಅಲಂಕಾರಕ್ಕೆ ಇಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿಯೂ ಹೀಗೆಯೇ: ಕದಿರು, ಅಂದರೆ ಹೊಸ ತೆನೆ, ತೆಗೆಯುವವರ ಮುಖಕ್ಕೆ ಕ್ಯಾಮೆರಾದ ಫ್ಲ್ಯಾಶ್ ಹೊಡೆಯುವ ಬದಲು, ಅದನ್ನು ಕಳಚಿ ತೆನೆಯ ಹಿಂದೆ ಒಬ್ಬರ ಕೈಯಲ್ಲಿ ಹಿಡಿಸಿ. ಭತ್ತದ ತೆನೆಯ ಮೇಲಿನ ಸಣ್ಣ ರೋಮಗಳೂ ಕಾಣುತ್ತವೆ.

ನಿಮ್ಮ ಅಂಕಣಕಾರರ ಭಯಕ್ಕೂ ಒಂದು ಕಾರಣವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಕ್ಯಾಮೆರಾದ ಮೀಟರು ಎದುರಿನ ದೃಶ್ಯವನ್ನೆಲ್ಲ ಸರಾಸರಿ ಮಾಡಿ ನಡುಮಟ್ಟದ ಬೂದಿಗೆ, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 18ರಷ್ಟನ್ನು ಹಿಂದಿರುಗಿಸುವ ಬಣ್ಣಕ್ಕೆ ತರಲು ನೋಡುತ್ತದೆ. ಹಿಂದೆ ಆಕಾಶ ಉರಿಯುತ್ತಿದ್ದರೆ ಅದು ಬೆಳಕನ್ನು ತಗ್ಗಿಸುತ್ತದೆ, ಮುಂದಿನ ಮುಖ ಕಪ್ಪಾಗುತ್ತದೆ. ಸಂಜೆ ರಾಜಾಸೀಟಿನ ಕಟಕಟೆಯ ಬಳಿ ನಿಂತ ಪ್ರವಾಸಿಗರ ಫೋನುಗಳನ್ನು ಇಣುಕಿ ನೋಡಿದರೆ ಇಂಥ ಕಪ್ಪು ಮುಖಗಳ ಸಾಲೇ ಸಿಗುತ್ತದೆ. ಮುಖ ಬೇಕಿದ್ದರೆ ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟು ಬೆಳಕು ಹೆಚ್ಚಿಸಿ, ದೊಡ್ಡ ಕ್ಯಾಮೆರಾ ಆದರೆ ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು) ಹೆಚ್ಚು ಕೊಡಿ, ಇಲ್ಲವೇ ಸಣ್ಣದಾಗಿ ಫ್ಲ್ಯಾಶ್ ಹಾಕಿ. ಆಕೃತಿ ಮಾತ್ರ ಸಾಕೆಂದರೆ ಆಕಾಶದ ಮೇಲೆ ಬೆರಳಿಟ್ಟು ಬೆಳಕನ್ನು ಇನ್ನಷ್ಟು ಇಳಿಸಿ. ಲೆನ್ಸಿಗೆ ನೇರ ಬಿಸಿಲು ತಗುಲದಂತೆ ಅಂಗೈಯನ್ನು ಅಡ್ಡ ಹಿಡಿಯಿರಿ. ಇಷ್ಟನ್ನು ಬರೆದಿದ್ದರೆ ಆ ಅಂಕಣಕ್ಕೆ ನಾನೇ ಮೆಚ್ಚುಗೆಯ ಪತ್ರ ಬರೆಯುತ್ತಿದ್ದೆ.

ಕಪ್ಪುಬಿಳುಪಿನ ದಿನಗಳಲ್ಲಿ ನೆಗೆಟಿವ್ ತಿದ್ದುವ ಮೇಜು ಎಂದೊಂದಿತ್ತು. ಇಳಿಜಾರಾದ ಹಲಗೆಯಲ್ಲಿ ಒಂದು ಕಿಂಡಿ, ಕಿಂಡಿಗೆ ಉಜ್ಜಿದ ಗಾಜು, ಕೆಳಗೆ ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು ಕೆಳಗಿನಿಂದ ನೆಗೆಟಿವ್ ಅನ್ನು ಬೆಳಗುತ್ತಿತ್ತು. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಮದುಮಗಳ ಕೆನ್ನೆಯ ಮೊಡವೆಯನ್ನು ಮರೆಸುತ್ತಿದ್ದೆವು. ನೆಗೆಟಿವ್ ಅನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟರೆ ಅದು ಮಬ್ಬು ಹಾಳೆ. ಹಿಂದಿನಿಂದ ಬೆಳಕು ಹಾಯ್ದಾಗ ಮಾತ್ರ ಚಿತ್ರ. ಡಾಕ್ಟರು ಎಕ್ಸ್‌ರೇ ನೋಡುವ ಪೆಟ್ಟಿಗೆಯೂ ಅದೇ. ನಮ್ಮ ರಾಜ್ಯದ ತೊಗಲು ಗೊಂಬೆಯಾಟ ನಿಂತಿರುವುದೂ ಅದರ ಮೇಲೆಯೇ. ಬೆಳಕು ತೂರುವಷ್ಟು ತೆಳುವಾಗುವಂತೆ ಚರ್ಮವನ್ನು ಹದ ಮಾಡಿ, ಬಣ್ಣ ಹಾಕಿ, ದೀಪಕ್ಕೂ ಬಿಳಿ ಪರದೆಗೂ ನಡುವೆ ಹಿಡಿಯುತ್ತಾರೆ. ಗೊಂಬೆ ಪರದೆಗೆ ಒತ್ತಿಕೊಂಡಾಗ ಗೆರೆ ಗೆರೆಯೂ ಸ್ಪಷ್ಟ. ದೀಪದ ಕಡೆಗೆ ಸರಿಸಿದರೆ ದೊಡ್ಡದಾಗಿ ಮಸುಕಾಗುತ್ತದೆ. ಆ ಕಲೆಯಲ್ಲೇ ಬದುಕು ಕಳೆದ ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ನಮ್ಮ ಬೆಳಕಿನ ಗುತ್ತಿಗೆದಾರರು ಒಮ್ಮೆ ಆ ಆಟವನ್ನು ಪರದೆಯ ಹಿಂದೆ ಕುಳಿತು ನೋಡಿ ಬರಲಿ.

ಮನೆಯ ಟಿವಿಯ ಒಳಗೂ ಇದೇ ನಡೆಯುತ್ತಿರುತ್ತದೆ. ಅಂಗಡಿಯಲ್ಲಿ ಎಲ್‌ಇಡಿ ಟಿವಿ ಎಂದು ಮಾರುವುದರಲ್ಲಿ ಬಹುಪಾಲು ಎಲ್‌ಸಿಡಿಯೇ. ಅದರ ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು ಎಂದು ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಮೊದಲು ಆ ಬೆಳಕಿಗೆ ಪಾದರಸವಿರುವ ತೆಳುವಾದ ಟ್ಯೂಬುಗಳಿದ್ದವು, ಈಗ ಎಲ್‌ಇಡಿ ಪಟ್ಟಿಗಳಿವೆ. ನೀಲಿ ಎಲ್‌ಇಡಿ ಸಾಧ್ಯವಾಗಿ, ಅದರ ಮೇಲೆ ಹಳದಿ ಫಾಸ್ಫರ್ ಬಳಿದು ಬಿಳಿ ಬೆಳಕು ಪಡೆಯುವಂತಾದ ಮೇಲೆ ಈ ಬದಲಾವಣೆ ಬಂತು. ಆ ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಓದುಗರಿಗೆ ಉಪಯೋಗಕ್ಕೆ ಬರುವ ಒಂದು ಮಾತು: ಟಿವಿಯಲ್ಲಿ ಧ್ವನಿ ಬರುತ್ತಿದ್ದು ಚಿತ್ರ ಪೂರಾ ಕಪ್ಪಾಗಿದ್ದರೆ, ಕೋಣೆಯನ್ನು ಕತ್ತಲು ಮಾಡಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಒಳಗೆ ಚಿತ್ರ ಮಸುಕಾಗಿ ಓಡಾಡುತ್ತಿದ್ದರೆ ಪರದೆ ಚೆನ್ನಾಗಿಯೇ ಇದೆ, ಹಿಂದಿನ ಬೆಳಕು ಕೆಟ್ಟಿದೆ ಎಂದರ್ಥ. ಪಟ್ಟಿ ಬದಲಾಯಿಸುವ ಖರ್ಚು ಹೊಸ ಟಿವಿಯ ಬೆಲೆಗಿಂತ ಬಹಳ ಕಡಿಮೆ. ಬ್ಯಾಕ್‌ಲೈಟ್ ಅನ್ನು ಸದಾ ಪೂರ್ತಿ ಏರಿಸಿ ಇಡದಿದ್ದರೆ ಅದು ಹೆಚ್ಚು ಕಾಲ ಬಾಳುತ್ತದೆ.

ಇನ್ನು ವೇದಿಕೆಯ ಎಲ್‌ಇಡಿ ಪರದೆ. ಇದಕ್ಕೂ ಟಿವಿಗೂ ಸಂಬಂಧವಿಲ್ಲ. ಇದರಲ್ಲಿ ಪ್ರತಿ ಚುಕ್ಕಿಯೂ ತಾನೇ ಉರಿಯುವ ದೀಪ. ಹೊರಾಂಗಣದ ಪರದೆಗಳನ್ನು ಹಗಲಿನ ಬಿಸಿಲಿನಲ್ಲೂ ಕಾಣುವಂತೆ ಮಾಡಿರುತ್ತಾರೆ: ಮನೆಯ ಸಾಧಾರಣ ಟಿವಿಯ ಪ್ರಕಾಶ 300–400 ನಿಟ್ (ಪರದೆಯ ಪ್ರಕಾಶದ ಅಳತೆ) ಇದ್ದರೆ, ಇವುಗಳದ್ದು ಸಾಮಾನ್ಯವಾಗಿ 5,000ದ ಆಸುಪಾಸು. ಅದನ್ನು ರಾತ್ರಿ ಎಂಟು ಗಂಟೆಗೆ ಭರತನಾಟ್ಯದ ಹುಡುಗಿಯೊಬ್ಬಳ ಬೆನ್ನ ಹಿಂದೆ ಪೂರ್ತಿ ಉರಿಸಿದರೆ ಏನಾಗುತ್ತದೆ? ನಮ್ಮ ಕಣ್ಣಿನ ಪಾಪೆ ಪರದೆಯ ಬೆಳಕಿಗೆ ಕಿರಿದಾಗುತ್ತದೆ, ಅವಳ ಮುಖ ಕಪ್ಪಾಗುತ್ತದೆ. ಮುಖ ಕಾಣದು ಎಂದು ಲೈಟಿಂಗ್‌ನವರು ಮುಂದಿನ ದೀಪಗಳನ್ನು ಏರಿಸುತ್ತಾರೆ. ಮುಖದ ಏರಿಳಿತ, ಕಣ್ಣಿನ ಅಭಿನಯ ಎಲ್ಲ ಅಳಿಸಿಹೋಗುತ್ತದೆ, ಅವಳ ಕಣ್ಣೂ ಕುಕ್ಕುತ್ತದೆ. ಮುಂದಿನ ಬೆಳಕು ಪರದೆಗೆ ಬಿದ್ದು ಬಣ್ಣ ಮಾಸಿತೆಂದು ಪರದೆಯವರು ಮತ್ತಷ್ಟು ಏರಿಸುತ್ತಾರೆ. ಈ ಹರಾಜಿನಲ್ಲಿ ಸೋಲುವವಳು ಯಾವಾಗಲೂ ನರ್ತಕಿಯೇ. ಜಿಲ್ಲೆಯ ಒಂದು ಕಾರ್ಯಕ್ರಮದಲ್ಲಿ ಕೊಡವ ಹೆಂಗಸರ ಉಮ್ಮತ್ತಾಟ್ ನೃತ್ಯ ನಡೆಯುತ್ತಿದ್ದಾಗ ಹಿಂದಿನ ಪರದೆಯಲ್ಲಿ ಜಲಪಾತವೊಂದು ಅಬ್ಬರಿಸುತ್ತಿತ್ತು. ನಡುವೆ ಕಾವೇರಿಯಾಗಿ ನಿಂತಿದ್ದ ಹೆಣ್ಣುಮಗಳು ಆ ಜಲಪಾತದಲ್ಲಿ ಮುಳುಗಿಯೇ ಹೋದಳು. ಪರದೆಯ ಪ್ರಕಾಶವನ್ನು ಇಳಿಸಲು ಹೊಸ ಯಂತ್ರವೇನೂ ಬೇಡ, ಅದನ್ನು ನಡೆಸುವ ಲ್ಯಾಪ್‌ಟಾಪಿನಲ್ಲೇ ಸೌಲಭ್ಯವಿದೆ. ರಾತ್ರಿಯ ವೇದಿಕೆಗೆ ಶೇ 10–20 ಸಾಕು. ಬಾಡಿಗೆ ಪೂರ್ತಿ ಕೊಟ್ಟಿದ್ದೇವೆ, ಬೆಳಕೂ ಪೂರ್ತಿ ಇರಲಿ ಎನ್ನುವ ಸಂಘಟಕರ ಲೆಕ್ಕಾಚಾರಕ್ಕೆ ಮಾತ್ರ ನನ್ನ ಬಳಿ ಔಷಧವಿಲ್ಲ.

ವೇದಿಕೆಗೆ ನಿಜವಾಗಿ ಬೇಕಾದ ಹಿಂಬೆಳಕಿಗೆ ಖರ್ಚು ಕಡಿಮೆ. ವೇದಿಕೆಯ ಹಿಂಭಾಗದ ಅಡ್ಡಕಂಬಿಗೆ ನಾಲ್ಕು ಪಾರ್ ದೀಪಗಳನ್ನು (ವೇದಿಕೆಯ ಸಾಧಾರಣ ಡಬ್ಬಿ ದೀಪಗಳು) ಕಟ್ಟಿ, ನಟರ ತಲೆ ಮತ್ತು ಭುಜಕ್ಕೆ ಮೇಲಿನಿಂದ ಕಡಿದಾಗಿ ಬೀಳುವಂತೆ ತಿರುಗಿಸಬೇಕು. ಕೋನ ತಗ್ಗಿದಷ್ಟೂ ಬೆಳಕು ನಟರನ್ನು ದಾಟಿ ಮುಂದಿನ ಸಾಲಿನ ಕಣ್ಣಿಗೆ ಬರುತ್ತದೆ. ಕಟ್ಟಿದ ಮೇಲೆ ಒಬ್ಬರು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ನೋಡಬೇಕು; ಬಲ್ಬು ಕಂಡರೆ ದೀಪವನ್ನು ಇನ್ನೂ ಕೆಳಮುಖ ಮಾಡಬೇಕು, ಇಲ್ಲವೇ ಅದರ ಬಾಯಿಗಿರುವ ಬಾರ್ನ್‌ಡೋರ್ ರೆಕ್ಕೆ ಇಳಿಸಬೇಕು. ಈ ಪರೀಕ್ಷೆಯನ್ನು ಮಾಡುವವರನ್ನು ನಮ್ಮ ಜಿಲ್ಲೆಯಲ್ಲಿ ನಾನು ಕಂಡಿರುವುದು ಅಪರೂಪ. ಮುಂದಿನ ಸಾಲಿನಲ್ಲಿ ಕೂರುವ ಗಣ್ಯರು ಕಪ್ಪು ಕನ್ನಡಕ ಹಾಕುವುದು ಇದಕ್ಕೇ ಇರಬಹುದು.

ಈಗ ಮಡಿಕೇರಿ ದಸರಾ. ವಿಜಯದಶಮಿಯ ರಾತ್ರಿ ದಶಮಂಟಪಗಳು, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳು, ಹೊರಡುವುದನ್ನು ಚಿಕ್ಕಂದಿನಿಂದ ನೋಡುತ್ತಿರುವವನು ನಾನು. ಟ್ರ್ಯಾಕ್ಟರಿನ ಮೇಲೆ ಇಡೀ ಪುರಾಣವನ್ನೇ ಕಟ್ಟಿ, ಮೂರ್ತಿಗಳು ಏಳುವಂತೆ, ತಿರುಗುವಂತೆ ಮಾಡುವ ನಮ್ಮ ಹುಡುಗರ ಕೈಚಳಕಕ್ಕೆ ಸಾಟಿಯಿಲ್ಲ. ಆದರೆ ಈಚೆಗೆ ಕೆಲವು ಮಂಟಪಗಳಲ್ಲಿ ಮೂರ್ತಿಗಳ ಹಿಂದಿನಿಂದ, ಜನರ ತಲೆಯ ಮಟ್ಟಕ್ಕೇ, ಎಲ್ಲರೂ ಶಾರ್ಪಿ ಎಂದು ಕರೆಯುವ ಆ ಚೂಪಾದ ಬೆಳಕಿನ ಕಂಬಗಳನ್ನು ಬೀಸುತ್ತಾರೆ. ಹೊಗೆಯ ಯಂತ್ರ ಬುಸುಗುಟ್ಟುತ್ತದೆ. ಮೇಲೆ ಹೇಳಿದೆನಲ್ಲ, ಹನಿಗೆ ಬಡಿದ ಬೆಳಕು ಮುಂದಕ್ಕೇ ಚದುರುತ್ತದೆ ಎಂದು: ಹೊಗೆಯಲ್ಲಿ ಹಾಯ್ದ ಬೆಳಕಿನ ಹೆಚ್ಚಿನ ಪಾಲು ರಸ್ತೆಯಲ್ಲಿ ನಿಂತವರ ಕಣ್ಣಿಗೆ ಬರುತ್ತದೆ. ದೇವಿ ಅಸುರನ ಎದೆಗೆ ಶೂಲ ಇಳಿಸುವ ಕ್ಷಣದಲ್ಲಿ ನಮಗೆ ಕಾಣುವುದು ಬಿಳಿಯ ಉರಿ ಮಾತ್ರ. ವಯಸ್ಸಾದವರಿಗೆ ಕಷ್ಟ ಇನ್ನೂ ಹೆಚ್ಚು, ಏಕೆಂದರೆ ಕಣ್ಣಿನ ಮಸೂರ ಮಬ್ಬಾದಂತೆ ಎದುರು ಬೆಳಕು ಕಣ್ಣೊಳಗೇ ಚದುರುತ್ತದೆ. ಪೊರೆ ಬಂದವರಂತೂ ಆ ಜನಜಂಗುಳಿಯಲ್ಲಿ ಕಾಲಡಿಯ ಕಲ್ಲನ್ನೂ ಕಾಣದೆ ತಡವರಿಸುತ್ತಾರೆ. ಲೇಸರ್ ಕಿರಣ ಹಾಯಿಸಿದರೆ ಮೊಬೈಲ್ ಕ್ಯಾಮೆರಾದ ಸಂವೇದಕವೂ ಸುಡಬಹುದು. ಅಂದಹಾಗೆ, ದಸರೆಯ ರಾತ್ರಿ ಒಂದು ಗಂಟೆ ಕಳೆದ ಮೇಲೆ ಮಡಿಕೇರಿಯಲ್ಲಿ ಹೊಗೆಯ ಯಂತ್ರಕ್ಕೆ ಹಣ ಕೊಡುವುದೇಕೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಎಷ್ಟೋ ಸಲ ಮಂಜು ಪುಕ್ಕಟೆಯಾಗಿ ಬರುತ್ತದೆ.

ಅದೇ ದೀಪವನ್ನು ಮೂರ್ತಿಯ ಹಿಂದೆ ಮರೆಯಾಗಿಟ್ಟು ಮೇಲ್ಮುಖ ಮಾಡಿದರೆ ದೇವಿಯ ಕಿರೀಟದ ಅಂಚು ಹೊಳೆಯುತ್ತದೆ, ಹೊಗೆ ಬೆಳಗುತ್ತದೆ, ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಒಂದೆರಡು ಮಂಟಪಗಳವರು ಹೀಗೆ ಮಾಡಿಯೂ ತೋರಿಸಿದ್ದಾರೆ. ಅವರ ಮುಂದೆ ಜನ ಫೋನು ಎತ್ತುವುದನ್ನೂ ಮರೆತು ನಿಂತಿದ್ದರು.

ಅಂಗಡಿ ಬೋರ್ಡುಗಳ ಬಗ್ಗೆ ಎರಡು ಮಾತು. 2024ರ ಕಾಯ್ದೆ ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಬಂದಿರುವುದು ಸಂತೋಷ. ಆದರೆ ಒಳಗಿನಿಂದ ಬೆಳಗುವ ಅಕ್ಷರಗಳ ಎಲ್‌ಇಡಿಯನ್ನು ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲೇ ತುಂಬುತ್ತಾರೆ. ಹೊಳೆಯುವ ಗೆರೆ ಕಣ್ಣಿಗೆ ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ. ಕನ್ನಡದ ಸುರುಳಿಗಳ ಒಳಗಿನ ಕಿಂಡಿ ಚಿಕ್ಕದು, ಒತ್ತಕ್ಷರದ್ದು ಇನ್ನೂ ಚಿಕ್ಕದು. ಬೆಳಕು ಹೆಚ್ಚಾದರೆ ಆ ಕಿಂಡಿಗಳು ಮುಚ್ಚಿಹೋಗಿ, ಮಳೆಯ ರಾತ್ರಿಯಲ್ಲಿ ದೂರದಿಂದ ‘ಷ್ಟ್ರ’ ಒಂದು ಬಿಳಿ ಉಂಡೆಯಾಗುತ್ತದೆ. ಅಕ್ಷರದ ಮೈಯನ್ನು ಕಪ್ಪಾಗಿ ಬಿಟ್ಟು ಅದರ ಹಿಂದಿನ ಗೋಡೆಗೆ ಬೆಳಕು ಬೀಳುವಂತೆ ಮಾಡಿಸಿದರೆ ಓದಲೂ ಸುಲಭ, ನೋಡಲೂ ಚಂದ. ಬೋರ್ಡು ಮಾಡುವವರಿಗೆ ಈ ವಿಧಾನ ಗೊತ್ತು, ಕೇಳುವವರಿಲ್ಲ.

ಕೊನೆಯದಾಗಿ ಮನವಿ. ಉತ್ತಮ ಮಂಟಪಗಳಿಗೆ ಬಹುಮಾನ ಕೊಡುವಾಗ ತೀರ್ಪುಗಾರರು ಮಂಟಪದ ಮುಂದೆ ತಮಗಾಗಿ ಬಿಡಿಸಿದ ಜಾಗದಲ್ಲಿ ಮಾತ್ರ ನಿಲ್ಲದೆ, ಸ್ವಲ್ಪ ಹೊತ್ತು ರಸ್ತೆಬದಿಯ ಜನರ ನಡುವೆಯೂ ನಿಂತು ನೋಡಲಿ. ಕಣ್ಣಿಗೆ ನೇರವಾಗಿ ಬೆಳಕು ಬಿಟ್ಟವರಿಗೆ ಅಂಕ ಕಡಿತವಾಗಲಿ. ವೇದಿಕೆಯ ಗುತ್ತಿಗೆ ಕೊಡುವವರು ಪರದೆಯ ಅಗಲದ ಜೊತೆಗೆ ಅದರ ರಾತ್ರಿಯ ಪ್ರಕಾಶದ ಮಿತಿಯನ್ನೂ ಕರಾರಿನಲ್ಲಿ ಬರೆಸಲಿ. ತಾವು ಪುರವಣಿಯ ಸಲಹೆಗೆ ತಿದ್ದುಪಡಿ ಹಾಕಿದರೆ ಸಂತೋಷ. ಸಂಘಟಕರು ಯಾರಾದರೂ ದೀಪ ಕಟ್ಟುವಾಗ ಕರೆದರೆ ಬಂದು ನೋಡಿ ಹೇಳಲು ಸಿದ್ಧನಿದ್ದೇನೆ, ಸಂಭಾವನೆ ಬೇಡ. ಆದರೆ ಸಂಜೆ ಏಳರ ಮೇಲೆ ಕರೆಯಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ದೀಪ ತೋರಿಸಿ ‘ಹೇಗಿದೆ’ ಎಂದು ಕೇಳಿದರೆ ನಾನು ಹೇಳುವುದಕ್ಕೆ ಏನೂ ಇರುವುದಿಲ್ಲ.

ಇತಿ,
ಒಬ್ಬ ಹಳೆಯ ಸ್ಟುಡಿಯೊ ಛಾಯಾಗ್ರಾಹಕ,
ಮಡಿಕೇರಿ